8 ವರ್ಷ ಬಳಸಿದ ಮೇಲೆ: ಮನೆಯ ಕಳ್ಳತನ–ಬೆಂಕಿ ಅಲಾರಂ, ಜೊತೆಗೆ ಅದರ ಪರ್ಮಿಟ್

ನಮ್ಮ ಮನೆಗೆ ಅಲಾರಂ ಹಾಕಿಸಿ 8 ವರ್ಷ ಆಯಿತು. ಬಾಗಿಲು, ಕಿಟಕಿಗಳಿಗೆ 5 ಸೆನ್ಸರ್, ಹಾಲ್‌ನಲ್ಲೊಂದು ಮಹಡಿಯಲ್ಲೊಂದು ಮೋಷನ್ ಸೆನ್ಸರ್, 4 ಸ್ಮೋಕ್ ಡಿಟೆಕ್ಟರ್, ಹೊರಗೋಡೆಗೆ ಸೈರನ್, ಮುಂಬಾಗಿಲ ಪಕ್ಕ ಕೀಪ್ಯಾಡ್. ತಿಂಗಳ ಚಂದಾ ಕಟ್ಟಿದರೆ ಹಗಲೂ ರಾತ್ರಿ ನೋಡಿಕೊಳ್ಳುವ ಮಾನಿಟರಿಂಗ್ ಸೆಂಟರ್ ಇದೆ. ಕಂಪನಿ ಹೆಸರು ಬರೆಯುತ್ತಿಲ್ಲ. ನಾನು ಹೇಳಬೇಕೆಂದಿರುವ ವಿಷಯಕ್ಕೆ ಅದು ಬೇಕಾಗಿಲ್ಲ. ಈ ಸಿಸ್ಟಮ್ ಜೊತೆ ಸ್ಥಳೀಯ ಆಡಳಿತದ ಒಂದು ಪರ್ಮಿಟ್ ಬರುತ್ತದೆ, ಅದರ ಹಿಂದೆ ಒಂದಷ್ಟು ನಿಯಮ ಬರುತ್ತವೆ. ಅವನ್ನು ಬಿಟ್ಟು ಬರೀ ಯಂತ್ರದ ಬಗ್ಗೆ ಬರೆದರೆ ಅರ್ಧ ಮಾತು ಹೇಳಿದ ಹಾಗೆ.

ಮೊದಲ ವರ್ಷ ಪರ್ಮಿಟ್ ಅಂದರೆ ಸುಮ್ನೆ ಒಂದು ಕಾಗದ ಅಂದುಕೊಂಡಿದ್ದೆ. ಫಾರಂ ಒಂದೇ ಪುಟ. ವಿಳಾಸ, ಎಂಥ ಅಲಾರಂ, ಯಾರು ಹಾಕಿದ್ದು, ಯಾವ ಸೆಂಟರ್ ನೋಡಿಕೊಳ್ಳುತ್ತದೆ, ಇಷ್ಟು. ಕೊನೆಯಲ್ಲಿ ಇನ್ನೊಂದು ಪ್ರಶ್ನೆ: ನೀವಿಲ್ಲದಾಗ ಕೀ ತಂದು ಬಾಗಿಲು ತೆಗೆದು ಅಲಾರಂ ನಿಲ್ಲಿಸಬಲ್ಲ 2 ಜನರ ಹೆಸರು, ಫೋನ್ ನಂಬರ್. ಮೊದಲನೆಯದಕ್ಕೆ ತಮ್ಮನ ಹೆಸರು ಬರೆದೆ. ಎರಡನೆಯದಕ್ಕೆ ಯಾರು ಅಂತ ನಾನೂ ನನ್ನ ಹೆಂಡತಿಯೂ ಒಂದು ಸಂಜೆ ಪೂರ್ತಿ ಯೋಚಿಸಿದೆವು. ಕೊನೆಗೆ ಎದುರು ಮನೆಯವರನ್ನು ಕೇಳಿದೆವು. ಅವತ್ತಿನ ತನಕ ಅವರ ಜೊತೆ ಒಂದು ನಮಸ್ಕಾರ ಬಿಟ್ಟರೆ ಬೇರೆ ಮಾತಿರಲಿಲ್ಲ. ಅವರು ಎರಡನೇ ಮಾತಿಲ್ಲದೆ ಒಪ್ಪಿದರು.

ಮೊದಲ ಸುಳ್ಳು ಅಲಾರಂ ಆಗಿದ್ದು ನನ್ನಿಂದಲೇ. ಬೆಳಗ್ಗೆ ಕೋಡ್ ಒತ್ತಿ ಹೊರಟೆ. ಗಾಡಿ ಕೀ ಒಳಗೇ ಉಳಿದಿತ್ತು, ವಾಪಸ್ ಹೋದೆ. ಹೊರಗೆ ಹೋಗಲು ಸಿಸ್ಟಮ್ ಕೊಟ್ಟಿದ್ದ ಸಮಯ 30 ಸೆಕೆಂಡ್. ಕೀ ಹಿಡಿದು ಹಾಲ್ ದಾಟುವಾಗ ಸೈರನ್ ಶುರುವಾಯಿತು. ಗಾಬರಿಯಲ್ಲಿ ಎರಡು ಸಲ ತಪ್ಪು ಕೋಡ್ ಒತ್ತಿದೆ. ಮೂರನೇ ಸಲ ಸರಿಯಾಯಿತು, ಅಷ್ಟರಲ್ಲಿ ಸೆಂಟರ್‌ನವರು ಪೊಲೀಸರಿಗೆ ಹೇಳಿಯಾಗಿತ್ತು.

ಎರಡನೆಯದು ಪರದೆಯಿಂದ. ಮೋಷನ್ ಸೆನ್ಸರ್ ಮನುಷ್ಯರನ್ನು ಕಣ್ಣಿನ ಹಾಗೆ ನೋಡುವುದಿಲ್ಲ, ತನ್ನ ಮುಂದೆ ಸರಿದಾಡುವ ಶಾಖವನ್ನು ಗುರುತಿಸುತ್ತದೆ. ಮಧ್ಯಾಹ್ನದ ಬಿಸಿಲಿಗೆ ಕಾದ ಕಿಟಕಿ ಪರದೆ, ಆಫ್ ಮಾಡಲು ಮರೆತ ಫ್ಯಾನ್ ಗಾಳಿಗೆ ಅತ್ತಿತ್ತ ಆಡುತ್ತಿತ್ತು. ಸೆನ್ಸರ್‌ಗೆ ಅದು ಸಾಕಾಯಿತು. ಮೂರನೆಯದು ಅಮ್ಮ ನಮ್ಮ ಮನೆಗೆ ಬಂದ ಮೊದಲ ವಾರ. ಬೆಳಗ್ಗೆ ಬೇಗ ಎದ್ದು ಹಿತ್ತಲ ಬಾಗಿಲು ತೆಗೆದರು. ಅಲಾರಂ ಆನ್ ಇದೆ ಅಂತ ಅವರಿಗೆ ಹೇಳಿರಲೇ ಇಲ್ಲ.

ಆಮೇಲೆ ನೋಟಿಸ್ ಬಂತು. 12 ತಿಂಗಳಲ್ಲಿ 3 ಸುಳ್ಳು ಅಲಾರಂ. ಮೊದಲ ಎರಡಕ್ಕೆ ಎಚ್ಚರಿಕೆ, ಮೂರನೆಯದಕ್ಕೆ ದಂಡ, ನಾಲ್ಕನೆಯದಕ್ಕೆ ಇನ್ನೂ ಜಾಸ್ತಿ. ಅದೂ ದಾಟಿದರೆ, ರಿಪೇರಿ ಮಾಡಿಸಿದ ದಾಖಲೆ ತೋರಿಸುವ ತನಕ ನಮ್ಮ ಅಲಾರಂಗೆ ಪೊಲೀಸರು ಬರುವುದಿಲ್ಲ. ನನಗೆ ತುಂಬಾ ಸಿಟ್ಟು ಬಂತು. ರಕ್ಷಣೆಗೆ ಅಂತ ದುಡ್ಡು ಕೊಡುವವನೂ ನಾನೇ, ದಂಡ ಕಟ್ಟುವವನೂ ನಾನೇನಾ ಅಂತ ಕೇಳಲು ಪರ್ಮಿಟ್ ಕಚೇರಿಗೆ ಹೋದೆ.

ಕೌಂಟರ್‌ನಲ್ಲಿದ್ದ ಮೇಡಂ ಫೈಲ್ ತೆಗೆದರು. "ಕೂತ್ಕೊಳ್ಳಿ ಸರ್" ಅಂದು ಕಾಗದವನ್ನು ನನ್ನ ಕಡೆ ತಿರುಗಿಸಿ ಇಟ್ಟರು. ಮೂರು ಸಲವೂ ಯಾವಾಗ ಕರೆ ಬಂತು, ಯಾವಾಗ ತಲುಪಿದರು, ಯಾವಾಗ ಹೊರಟರು, ಎಲ್ಲ ಇತ್ತು. "ಪ್ರತಿ ಸಲ ಇಬ್ಬರು ಬಂದಿದ್ದಾರೆ. ಮನೆ ಸುತ್ತಿ, ಕಿಟಕಿ ಬಾಗಿಲು ನೋಡಿ, ಬರೆದು ಹೋಗಿದ್ದಾರೆ. ಅದೇ ಹೊತ್ತಿಗೆ ನಿಜವಾಗಲೂ ಬೇಕಾದವರು ಕರೆದಿದ್ದರೆ ಅವರು ಕಾಯಬೇಕಿತ್ತು, ಅಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮೊದಲ ದಂಡದ ಬದಲು ಅಲಾರಂ ಬಳಕೆಯ ಒಂದು ಕ್ಲಾಸ್ ಮುಗಿಸಿದರೂ ಆಗುತ್ತದೆ ಅಂದರು. ಮುಗಿಸಿದೆ. ಒಂದು ಗಂಟೆ ಹಿಡಿಯಿತು. ಹಾಕಿದವರು ಮೊದಲ ದಿನವೇ ಹೇಳಬೇಕಿದ್ದ ವಿಷಯಗಳನ್ನು ಅಲ್ಲಿ ಕಲಿತೆ.

ಇದು ನನ್ನೊಬ್ಬನ ಕಥೆ ಅಲ್ಲ ಅಂತ ಆಮೇಲೆ ಓದಿ ಗೊತ್ತಾಯಿತು. ಅಮೆರಿಕದ ನ್ಯಾಯ ಇಲಾಖೆ ಪೊಲೀಸರಿಗಾಗಿ ತಂದ ಒಂದು ಕೈಪಿಡಿ, ಕಳ್ಳತನದ ಅಲಾರಂ ಕರೆಗಳಲ್ಲಿ ನೂರಕ್ಕೆ 94ಕ್ಕೂ ಹೆಚ್ಚು ಸುಳ್ಳು ಎನ್ನುತ್ತದೆ. ಅಲ್ಲಿನ ಸಾಲ್ಟ್ ಲೇಕ್ ಸಿಟಿ ಎಂಬ ನಗರ 2000ರ ಡಿಸೆಂಬರ್‌ನಲ್ಲಿ ಇದಕ್ಕೆ ಕಡಕ್ ನಿಯಮ ತಂದಿತು. ಅಲಾರಂ ಆದರೆ ಮೊದಲು ಖಾಸಗಿ ಗಾರ್ಡ್ ಹೋಗಿ ನೋಡಬೇಕು, ನಿಜ ಅಂತ ಖಚಿತವಾದರೆ ಪೊಲೀಸರು ಬರುತ್ತಾರೆ. ಇಂಗ್ಲೆಂಡ್‌ನಲ್ಲಿ ನೋಂದಣಿಯಾದ ಸಿಸ್ಟಮ್‌ಗೆ ಪೊಲೀಸರು ಒಂದು ನಂಬರ್ ಕೊಡುತ್ತಾರೆ, 12 ತಿಂಗಳಲ್ಲಿ 3 ಸುಳ್ಳು ಕರೆ ಆದರೆ ಅಲಾರಂ ಕೂಗಿದಾಗ ಪೊಲೀಸರು ಬರುವ ಸೌಲಭ್ಯ ಹೋಗುತ್ತದೆ. ಸುಳ್ಳು ಅಲಾರಂನ ಚಿಂತೆಯೇನೂ ಹೊಸದಲ್ಲ. ಬಾಸ್ಟನ್ ನಗರ 1852ರಲ್ಲಿ ಬೆಂಕಿ ಬಿದ್ದರೆ ಟೆಲಿಗ್ರಾಫ್ ತಂತಿಯಲ್ಲಿ ಸುದ್ದಿ ಮುಟ್ಟಿಸುವ ಪೆಟ್ಟಿಗೆಗಳನ್ನು ಬೀದಿ ಬೀದಿಗೆ ಇಟ್ಟಾಗಲೇ ಅವಕ್ಕೆ ಬೀಗ ಹಾಕಿ, ಕೀಯನ್ನು ಅಕ್ಕಪಕ್ಕದ ನಂಬಿಕಸ್ಥರ ಕೈಗೆ ಕೊಟ್ಟಿತ್ತು.

ಕ್ಲಾಸ್ ಮುಗಿದ ಮೇಲೆ ಟೆಕ್ನಿಷಿಯನ್‌ನನ್ನು ಕರೆಸಿದೆ. ಒಂದು ಪ್ರಶ್ನೆ ಬರೆದಿಟ್ಟುಕೊಂಡಿದ್ದೆ: ನಮ್ಮ ಪ್ಯಾನೆಲ್, ಅಂದರೆ ಅಲಾರಂನ ಮುಖ್ಯ ಪೆಟ್ಟಿಗೆ, ಸಿಪಿ-01 ಪ್ರಕಾರ ಸೆಟ್ ಆಗಿದೆಯಾ? ಸಿಪಿ-01 ಅಂದರೆ ಸುಳ್ಳು ಅಲಾರಂ ತಗ್ಗಿಸಲು ಅಮೆರಿಕದ ಭದ್ರತಾ ಉದ್ಯಮ ಮಾಡಿಕೊಂಡ ಮಾನದಂಡ. ಪ್ಯಾನೆಲ್‌ನಲ್ಲಿ ಎಲ್ಲ ಇತ್ತು, ಯಾರೂ ಆನ್ ಮಾಡಿರಲಿಲ್ಲ. ಅವನು ಹೊರಗೆ ಹೋಗುವ ಸಮಯವನ್ನು 60 ಸೆಕೆಂಡ್ ಮಾಡಿದ. ಆ ಸಮಯದೊಳಗೆ ಮತ್ತೆ ಬಾಗಿಲು ತೆಗೆದು ಒಳಗೆ ಬಂದರೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಮರೆತ ಕೀಗೆ ವಾಪಸ್ ಬರುವವರಿಗೆ ಅಂತಲೇ ಮಾಡಿದ್ದು. ಸೈರನ್ ಕೂಗಿದ ಮೇಲೂ ಸೆಂಟರ್‌ಗೆ ಸಂದೇಶ ಹೋಗುವ ಮುಂಚೆ 30 ಸೆಕೆಂಡ್ ಬಿಡುವು ಇಟ್ಟ. ಆ ಹೊತ್ತಿನಲ್ಲಿ ಕೋಡ್ ಒತ್ತಿದರೆ ಸಂದೇಶ ಹೋಗುವುದೇ ಇಲ್ಲ. ಒಂದೇ ಮೋಷನ್ ಸೆನ್ಸರ್ ಎಚ್ಚೆತ್ತರೆ ಸಾಲದು, ಜೊತೆಗೆ ಇನ್ನೊಂದೂ ಎಚ್ಚರಾಗಬೇಕು ಅಂತ ಜೋಡಿಸಿದ. ಸೆಂಟರ್‌ನವರು ಪೊಲೀಸರಿಗೆ ಹೇಳುವ ಮೊದಲು ಎರಡು ಬೇರೆ ನಂಬರ್‌ಗೆ ಫೋನ್ ಮಾಡುವ ಹಾಗೂ ಬರೆಸಿಕೊಂಡೆ. ಎಲ್ಲಕ್ಕೂ ಹಿಡಿದದ್ದು 40 ನಿಮಿಷ. ಹೊಸ ಸಾಮಾನು ಒಂದೂ ಬೇಕಾಗಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ಕಳ್ಳತನದ ಸುಳ್ಳು ಅಲಾರಂ ಆದದ್ದು ಒಂದೇ ಸಲ.

ಆ ನೋಟಿಸ್ ಬರದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಗೊತ್ತು. ನಾಲ್ಕೈದು ಸಲ ಕೂಗಿದ ಮೇಲೆ ಬೇಜಾರಾಗಿ ಅಲಾರಂ ಆನ್ ಮಾಡುವುದನ್ನೇ ಬಿಡುತ್ತಿದ್ದೆವು. ಚಂದಾ ಮಾತ್ರ ಹೋಗುತ್ತಿತ್ತು. ಕಳ್ಳತನದ ಅಲಾರಂ ಮಟ್ಟಿಗೆ ಈ ನಿಯಮ ನನಗೆ ಸಂಪೂರ್ಣ ಒಪ್ಪಿಗೆ.

ಬೆಂಕಿ ಅಲಾರಂ ವಿಷಯಕ್ಕೆ ಬಂದರೆ ಹಾಗಲ್ಲ. ನಮ್ಮ ಸ್ಮೋಕ್ ಡಿಟೆಕ್ಟರ್‌ಗಳು ಫೋಟೋಎಲೆಕ್ಟ್ರಿಕ್. ಒಳಗೊಂದು ಕತ್ತಲ ಗೂಡು, ಅದರಲ್ಲಿ ಬೆಳಕಿನ ಒಂದು ಕಿರಣ. ಹೊಗೆ ಹೊಕ್ಕರೆ ಬೆಳಕು ಚದುರಿ, ಪಕ್ಕದಲ್ಲಿರುವ ಬೆಳಕು ಗುರುತಿಸುವ ಸೆಲ್ ಮೇಲೆ ಬೀಳುತ್ತದೆ, ಅಲಾರಂ ಕೂಗುತ್ತದೆ. ನಿಧಾನ ಕಮರುವ ಬೆಂಕಿಯನ್ನು ಇದು ಬೇಗ ಹಿಡಿಯುತ್ತದೆ. ಆದರೆ ಹುಳ ಹೊಕ್ಕರೂ, ಹಬೆ ಹೊಕ್ಕರೂ ಬೆಳಕು ಚದುರುತ್ತದೆ. ಎರಡನೇ ವರ್ಷ ರಾತ್ರಿ 3 ಗಂಟೆಗೆ ಎಲ್ಲ ಡಿಟೆಕ್ಟರ್ ಒಟ್ಟಿಗೆ ಕೂಗಿದವು. ಮೂರು ಕೂಗು, ಒಂದು ಬಿಡುವು, ಮತ್ತೆ ಮೂರು ಕೂಗು. ಆ ಲಯವನ್ನು ಸುಮ್ನೆ ಇಟ್ಟದ್ದಲ್ಲ. "ಹೊರಗೆ ನಡೆಯಿರಿ" ಅಂತ ಹೇಳುವ ಸಂಕೇತ ಅದು. ಕಾರ್ಬನ್ ಮೊನಾಕ್ಸೈಡ್ ಅಲಾರಂನಲ್ಲಿ ನಾಲ್ಕು ಕೂಗು ಇರುತ್ತದೆ. ಅಮ್ಮನ ಕೈ ಹಿಡಿದು ಹೊರಗೆ ಬಂದೆವು. ಅಗ್ನಿಶಾಮಕದವರು ಬಂದರು, ಇಡೀ ಮನೆ ನೋಡಿದರು. ಮಹಡಿಯ ಡಿಟೆಕ್ಟರ್ ಬಿಚ್ಚಿದಾಗ ಒಳಗೆ ಸಾಸಿವೆ ಕಾಳಿನಷ್ಟು ದೊಡ್ಡ ಒಂದು ಜೇಡ, ಅದರ ಎಳೆ ಎಳೆ ಬಲೆ.

ಇನ್ನೊಂದು ಸಲ ಬಚ್ಚಲಮನೆಯ ಹಬೆ. ಡಿಟೆಕ್ಟರನ್ನು ಬಚ್ಚಲ ಬಾಗಿಲ ಎದುರಿಗೇ ಹಾಕಿದ್ದರು. ಅಮೆರಿಕದ ಬೆಂಕಿ ಅಲಾರಂ ನಿಯಮಾವಳಿ ಎನ್‌ಎಫ್‌ಪಿಎ 72 ಪ್ರಕಾರ ಬಚ್ಚಲ ಬಾಗಿಲಿಂದ ಸುಮಾರು 90 ಸೆಂಟಿಮೀಟರ್, ಅಡುಗೆ ಒಲೆಯಿಂದ 3 ಮೀಟರ್ ದೂರ ಇಡುವುದು ಒಳ್ಳೆಯದು. ಹಾಕಿದವನಿಗೆ ಲೈಸೆನ್ಸ್ ಇರಲಿಲ್ಲ ಅಂತ ಆಗ ತಿಳಿಯಿತು. ಲೈಸೆನ್ಸ್ ಇದ್ದವರು ಮಾತ್ರ ಹಾಕಬೇಕು ಎನ್ನುವ ನಿಯಮ ಎಷ್ಟೋ ಕಡೆ ಇದೆ. ನೀವೂ ಮೊದಲು ಅದನ್ನು ಕೇಳಿ.

ಈ ಎರಡಕ್ಕೂ ನಮಗೆ ನೋಟಿಸ್ ಬಂತು. ಕಳ್ಳತನದ ಸುಳ್ಳು ಕರೆಯ ಅದೇ ಫಾರಂ, ಅದೇ ಲೆಕ್ಕ, ಅದೇ ದಂಡದ ಮೆಟ್ಟಿಲು. ಇಲ್ಲಿ ನನ್ನ ತಕರಾರಿದೆ. ಕಳ್ಳತನದ ಅಲಾರಂ ಅರ್ಧ ದಿನ ಆಫ್ ಇದ್ದರೆ ಹೋಗುವುದು ಸಾಮಾನು. ಹೊಗೆ ಡಿಟೆಕ್ಟರ್ ಅರ್ಧ ರಾತ್ರಿ ಆಫ್ ಇದ್ದರೆ ಹೋಗುವುದು ಜೀವ. ದಂಡಕ್ಕೆ ಹೆದರಿ ಜನ ಅದನ್ನು ಮುಚ್ಚುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ. ತಮ್ಮ ಇರುವ ಅಪಾರ್ಟ್‌ಮೆಂಟ್‌ನ ಮೂರನೇ ಮಹಡಿ ಕಾರಿಡಾರ್‌ನಲ್ಲಿ ಡಿಟೆಕ್ಟರ್‌ಗಳ ಮೇಲೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಮುಚ್ಚಳ ಇತ್ತು. ಗೋಡೆಗೆ ಬಣ್ಣ ಹೊಡೆಯುವಾಗ ಪುಡಿ ಹೋಗದಿರಲಿ ಅಂತ ಹಾಕುವ ಮುಚ್ಚಳ. ಬಣ್ಣ ಹೊಡೆದು 5 ತಿಂಗಳಾಗಿತ್ತು. ಮರೆತಿದ್ದಾರೆ ಅಂದುಕೊಂಡು ಸಂಘದವರಿಗೆ ಹೇಳಿದೆ. "ಮರೆತಿಲ್ಲ, ಎರಡು ಸಲ ದಂಡ ಬಿದ್ದಿದೆ, ಅದಕ್ಕೇ ಇರಲಿ ಅಂತ ಬಿಟ್ಟಿದ್ದೀವಿ" ಅಂದರು. ಆ ಮಹಡಿಯಲ್ಲಿ ಚಿಕ್ಕ ಮಕ್ಕಳಿರುವ ಮನೆಗಳಿವೆ. ತಮ್ಮನೂ ನಾನೂ ಏಣಿ ತಂದು, ಅವರೆದುರೇ ಒಂದೊಂದಾಗಿ ತೆಗೆದೆವು. ಆರು ಮುಚ್ಚಳ.

ಬೇರೆ ಕಡೆ ಈ ವ್ಯತ್ಯಾಸ ಗುರುತಿಸಿದ್ದಾರೆ. ಸ್ಕಾಟ್ಲೆಂಡ್‌ನ ಅಗ್ನಿಶಾಮಕ ಸೇವೆ 2023ರ ಜುಲೈಯಿಂದ ಕೆಲಸದ ಜಾಗಗಳ ಅಲಾರಂ ಕೂಗಿದ ಮಾತ್ರಕ್ಕೆ ಹೊರಡುವುದಿಲ್ಲ, ಬೆಂಕಿ ಇದೆ ಅಂತ ಒಬ್ಬರು ಖಚಿತಪಡಿಸಬೇಕು. ಆದರೆ ಜನ ಮಲಗುವ ಜಾಗಕ್ಕೆ ಈ ಷರತ್ತಿಲ್ಲ. ಲಂಡನ್‌ನಲ್ಲೂ 2024ರ ಅಕ್ಟೋಬರ್‌ನಿಂದ ಹಗಲು ಹೊತ್ತಿಗೆ ಹೀಗೇ, ಮನೆಗಳನ್ನು ಬಿಟ್ಟು. ನನಗೆ ಸರಿ ಕಾಣುವುದು ಇದು. ರಿಪೇರಿ ಮಾಡಿಸಿದ ರಸೀದಿ ತೋರಿಸಿದರೆ ಬೆಂಕಿ ಅಲಾರಂನ ದಂಡ ಮನ್ನಾ ಆಗಬೇಕು. ಹೀಗೆ ಮನ್ನಾ ಮಾಡುವ ಸ್ಥಳೀಯ ಆಡಳಿತಗಳೂ ಇವೆ. ನಮ್ಮಲ್ಲಿ ಇನ್ನೂ ಇಲ್ಲ. ಆ ಮುಚ್ಚಳಗಳ ಫೋಟೋ ಹಚ್ಚಿ ಎರಡು ಸಲ ಅರ್ಜಿ ಕೊಟ್ಟಿದ್ದೇನೆ. ಈ ವರ್ಷವೂ ಕೊಡುತ್ತೇನೆ.

ಇಷ್ಟು ಹಟ ಯಾಕೆ ಅಂದರೆ, ಐದನೇ ವರ್ಷ ಅದು ನಿಜಕ್ಕೂ ಕೂಗಿತು. ಮಹಡಿ ಕೋಣೆಯಲ್ಲಿ ಎಕ್ಸ್‌ಟೆನ್ಷನ್ ಬೋರ್ಡ್ ಬಿಸಿಯಾಗಿ ಕರಗುತ್ತಿತ್ತು. ಜ್ವಾಲೆ ಇರಲಿಲ್ಲ, ಬರೀ ಹೊಗೆ. ಅಮ್ಮ ಕೆಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದ್ದರು, ಅವರಿಗೆ ಕಿವಿ ಮಂದ. ಮೇಲಿನ ಡಿಟೆಕ್ಟರ್ ಒಂದೇ ಕೂಗಿದ್ದರೆ ಅವರಿಗೆ ಕೇಳಿಸುತ್ತಿರಲಿಲ್ಲ. ನಾಲ್ಕೂ ಒಂದಕ್ಕೊಂದು ಜೋಡಿಸಿದ್ದರಿಂದ ಅವರ ಮಂಚದ ಮೇಲಿನದೂ ಕೂಗಿತು. ನಾನು ಬಾಗಿಲು ತಲುಪುವಷ್ಟರಲ್ಲಿ ಅಮ್ಮ ಚಪ್ಪಲಿ ಹುಡುಕುತ್ತಾ ಎದ್ದು ನಿಂತಿದ್ದರು. ಸ್ಕಾಟ್ಲೆಂಡ್ 2022ರ ಫೆಬ್ರವರಿಯಿಂದ ಹೀಗೆ ಜೋಡಿಸಿದ ಅಲಾರಂ ಪ್ರತಿ ಮನೆಯಲ್ಲೂ ಇರಬೇಕು ಅಂತ ಕಾನೂನು ಮಾಡಿದೆ. ಯಾಕೆ ಅಂತ ಯಾರೂ ನನಗೆ ವಿವರಿಸಬೇಕಾಗಿಲ್ಲ.

ಉಳಿದ ಸಣ್ಣಪುಟ್ಟದ್ದು ಬೇಗ ಹೇಳಿಬಿಡುತ್ತೇನೆ. ಸೈರನ್ ತಾನಾಗಿ ನಿಲ್ಲುವ ಸಮಯ 15 ನಿಮಿಷಕ್ಕೆ ಇಟ್ಟಿದ್ದೇವೆ, ಅಕ್ಕಪಕ್ಕದವರಿಗೆ ಅಷ್ಟು ಗೌರವ ಬೇಕು. ಇಂಗ್ಲೆಂಡ್‌ನ 2005ರ ಕಾನೂನಿನಲ್ಲಿ 20 ನಿಮಿಷಕ್ಕಿಂತ ಜಾಸ್ತಿ ಬಿಡದೆ ಕೂಗಿ ಕಿರಿಕಿರಿ ಮಾಡಿದರೆ ಅಧಿಕಾರಿಗಳು ಬಂದು ನಿಲ್ಲಿಸಬಹುದು. ಪ್ಯಾನೆಲ್ ಬ್ಯಾಟರಿ ಕರೆಂಟ್ ಹೋದಾಗ 24 ಗಂಟೆ ನಿಲ್ಲಬೇಕು, ನಮ್ಮದು ನಾಲ್ಕನೇ ವರ್ಷಕ್ಕೆ 6 ಗಂಟೆಗೆ ಇಳಿಯಿತು, ಬದಲಿಸಿದೆವು. ಸೆಂಟರ್ ಒಪ್ಪಂದ ನಮ್ಮನ್ನು ಕೇಳದೆ ತಾನಾಗಿ ಮುಂದುವರಿಯುತ್ತದೆ, ಅದು ನನಗೆ ಇಷ್ಟವಿಲ್ಲ. ಸ್ಮೋಕ್ ಡಿಟೆಕ್ಟರ್ ಆಯುಸ್ಸು 10 ವರ್ಷ, ಆದರೆ ಎಣಿಸಬೇಕಾದದ್ದು ಹಾಕಿದ ದಿನದಿಂದ ಅಲ್ಲ, ಹಿಂಬದಿಯಲ್ಲಿ ಅಚ್ಚಾಗಿರುವ ತಯಾರಿಕೆ ತಾರೀಕಿನಿಂದ. ನಮ್ಮವು ಅಂಗಡಿಯಲ್ಲೇ ಒಂದು ವರ್ಷ ಕೂತಿದ್ದವು. ಹಾಗಾಗಿ ಮುಂದಿನ ವರ್ಷವೇ ನಾಲ್ಕನ್ನೂ ಬದಲಿಸಬೇಕು.

ಸಿಸ್ಟಮ್‌ಗೆ 5ಕ್ಕೆ 4 ಸ್ಟಾರ್. ಪರ್ಮಿಟ್ ನಿಯಮಕ್ಕೆ ಕಳ್ಳತನದ ಭಾಗದಲ್ಲಿ 5, ಬೆಂಕಿಯ ಭಾಗದಲ್ಲಿ 2.

ಕಳೆದ ವಾರ ಪರ್ಮಿಟ್ ನವೀಕರಣ ಮಾಡಿಸಿದೆ. ಎದುರು ಮನೆಯವರು ಊರು ಬಿಟ್ಟು ಹೋದರು, ಆ ಎರಡನೇ ಸಾಲು ಮತ್ತೆ ಖಾಲಿ ಇತ್ತು. ಈ ಸಲ ಪಕ್ಕದ ಬೀದಿಯ ಟೀಚರಮ್ಮನವರನ್ನು ಕೇಳಿದೆ. ಅವರು ಬಂದು ಕೀಪ್ಯಾಡ್ ಮುಂದೆ ನಿಂತು, ನನ್ನೆದುರಿಗೇ ಮೂರು ಸಲ ಕೋಡ್ ಒತ್ತಿ ರೂಢಿ ಮಾಡಿಕೊಂಡು, ಕೀ ತೆಗೆದುಕೊಂಡು ಹೋದರು.