ಹಳೆಯ ಚೈನ್‌ಸಾ ಸ್ಟಾರ್ಟ್ ಆಗುತ್ತಿಲ್ಲವೇ? ಕಾರ್ಬ್ಯುರೇಟರ್ ಸ್ಕ್ರೂ ತಿರುಗಿಸುವ ಮೊದಲು ಸೀಲ್ ಪರೀಕ್ಷೆ ಮಾಡಿಸಿ

ಹಳೆಯ ಚೈನ್‌ಸಾ ಸ್ಟಾರ್ಟ್ ಆಗಲು ಸತಾಯಿಸುತ್ತಿದೆಯೆಂದು ಅದನ್ನು ರಿಪೇರಿಗೆ ಕೊಡಲು ಹೊರಟಿರುವವರು ದಯವಿಟ್ಟು ಈ ಬರಹವನ್ನು ಪೂರ್ತಿ ಓದಬೇಕೆಂದು ಕೋರುತ್ತೇನೆ. ನನ್ನ ಬಳಿ ಇದ್ದ 1970ರ ದಶಕದ ಗಟ್ಟಿಮುಟ್ಟಾದ ಯಂತ್ರಕ್ಕೆ ಬೇಕಾಗಿದ್ದುದು ಒಂದು ರಬ್ಬರ್ ಸೀಲ್, ಅಂದರೆ ಎಂಜಿನ್‌ನ ತಿರುಗುವ ಶಾಫ್ಟ್ ಸುತ್ತ ಗಾಳಿ ಸೋರದಂತೆ ತಡೆಯುವ ಬಳೆ ಮಾತ್ರ. ಸಿಕ್ಕಿದ್ದು ಕಾರ್ಬ್ಯುರೇಟರ್ ಟ್ಯೂನಿಂಗ್. ಅದರ ಫಲವಾಗಿ ಪಿಸ್ಟನ್ ಹಾಳಾಯಿತು, ಆ ಮಾದರಿಯ ಪಿಸ್ಟನ್ ಈಗ ತಯಾರಾಗುತ್ತಿಲ್ಲ.

ಯಂತ್ರದ ತೊಂದರೆ ಹೀಗಿತ್ತು: ಚೋಕ್ ಹಾಕಿ ಹಗ್ಗ ಎಳೆದರೆ ಬಹಳ ಹೊತ್ತಿನ ಮೇಲೆ ಹೊತ್ತಿಕೊಳ್ಳುತ್ತಿತ್ತು, ಚೋಕ್ ತೆಗೆದ ಕೂಡಲೇ ನಿಂತುಹೋಗುತ್ತಿತ್ತು. ಹೇಗೋ ಓಡಿದಾಗಲೂ ಐಡ್ಲಿಂಗ್ ಒಂದೇ ಸಮ ಇರುತ್ತಿರಲಿಲ್ಲ. ಆಕ್ಸಿಲರೇಟರ್ ಬಿಟ್ಟರೆ ವೇಗ ತಕ್ಷಣ ಇಳಿಯದೆ ಕೆಲವು ಕ್ಷಣ ಮೇಲೆಯೇ ತೂಗಾಡುತ್ತಿತ್ತು. ಪ್ಲಗ್‌ನಲ್ಲಿ ಕಿಡಿ ಚೆನ್ನಾಗಿತ್ತು, ಕಂಪ್ರೆಶನ್ ಕೂಡ ಕೈಗೆ ಬಿಗಿಯಾಗಿಯೇ ಸಿಗುತ್ತಿತ್ತು. ಎಂಜಿನ್ ಎಲ್ಲಿಂದಲೋ ಹೆಚ್ಚುವರಿ ಗಾಳಿ ಎಳೆದುಕೊಳ್ಳುತ್ತಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸೂಚನೆಗಳು ಬೇಕಿಲ್ಲ, ಇಂಥ ಯಂತ್ರಗಳನ್ನು ಬಿಚ್ಚುವುದೇ ವೃತ್ತಿಯಾಗಿರುವವರಿಗೆ ಇದು ಮೊದಲ ನೋಟಕ್ಕೇ ಹೊಳೆಯಬೇಕಿತ್ತು.

ರಿಪೇರಿಯವರು ಏರ್ ಫಿಲ್ಟರ್ ತೆಗೆದು ಕಾರ್ಬ್ಯುರೇಟರ್ ಬಾಯಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆದರು, ಎಂಜಿನ್ ಅಬ್ಬರಿಸಿ ಎದ್ದಿತು. ಅದು ನಿಲ್ಲದಂತೆ ಇರಲೆಂದು ಕಡಿಮೆ ವೇಗದಲ್ಲಿ ಪೆಟ್ರೋಲ್ ಎಷ್ಟು ಹೋಗಬೇಕೆಂದು ನಿಯಂತ್ರಿಸುವ ‘ಎಲ್’ ಸ್ಕ್ರೂವನ್ನು ಸಾಕಷ್ಟು ತೆರೆದರು. ಪೂರ್ತಿ ವೇಗದಲ್ಲಿ ಹೊಗೆ ಜಾಸ್ತಿ ಬರುತ್ತದೆ, ಶಕ್ತಿ ಸಾಲದು ಎಂದು ಹೆಚ್ಚಿನ ವೇಗದ ಪೆಟ್ರೋಲ್ ನಿಯಂತ್ರಿಸುವ ‘ಎಚ್’ ಸ್ಕ್ರೂವನ್ನು ಬಿಗಿ ಮಾಡಿದರು. ಯಂತ್ರ ಚುರುಕಾಗಿ ಕೂಗುತ್ತಿತ್ತು, ರೆಡಿಯಾಯಿತೆಂದು ಹಿಂದಿರುಗಿಸಿದರು. ಮುಂದೆ ಒಂದು ದಪ್ಪ ದಿಮ್ಮಿಯನ್ನು ಕೊಯ್ಯುತ್ತಿದ್ದಾಗ ಅದರ ಸದ್ದು ಏಕಾಏಕಿ ತೆಳುವಾಗಿ, ಕೀರಲಾಗಿ ಏರಿತು. ನಾನು ಆಕ್ಸಿಲರೇಟರ್ ಬಿಡುವಷ್ಟರಲ್ಲಿ ಎಂಜಿನ್ ಜಾಮ್ ಆಗಿ ನಿಂತುಬಿಟ್ಟಿತ್ತು.

ಸೈಲೆನ್ಸರ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದಾಗ ನಯವಾಗಿ ಹೊಳೆಯಬೇಕಾಗಿದ್ದ ಪಿಸ್ಟನ್ ಮೈಮೇಲೆ ಉದ್ದುದ್ದ ಗೀರುಗಳಿದ್ದವು, ರಿಂಗ್‌ನ ಅಂಚು ಕರಗಿದ ಅಲ್ಯೂಮಿನಿಯಂನಲ್ಲಿ ಹೂತುಹೋಗಿತ್ತು. ನಂತರ ಅನುಭವಿ ಮೆಕ್ಯಾನಿಕ್ ಒಬ್ಬರು ಒಳಗಾಳಿಯ ದಾರಿಯನ್ನೂ ಹೊಗೆಯ ದಾರಿಯನ್ನೂ ಮುಚ್ಚಿ, ಕ್ರ್ಯಾಂಕ್‌ಕೇಸ್‌ಗೆ (ಶಾಫ್ಟ್ ತಿರುಗುವ ಎಂಜಿನ್‌ನ ಕೆಳಗಿನ ಗೂಡಿಗೆ) ಕೈಪಂಪಿನಿಂದ ಸುಮಾರು 0.5 ಬಾರ್ ಒತ್ತಡ ಕೊಟ್ಟು, ಫ್ಲೈವೀಲ್ ತೆಗೆದು ಅದರ ಹಿಂದಿನ ಸೀಲ್‌ಗೆ ಸೋಪಿನ ನೀರು ಹಚ್ಚಿದರು. ಶಾಫ್ಟ್ ಸುತ್ತ ಗುಳ್ಳೆಗಳು ಒಂದೇ ಸಮನೆ ಏಳತೊಡಗಿದವು, ಪಂಪಿನ ಮುಳ್ಳು ನೋಡನೋಡುತ್ತಲೇ ಸೊನ್ನೆಗೆ ಇಳಿಯಿತು. ಈ ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ ಪಿಸ್ಟನ್ ಉಳಿಯುತ್ತಿತ್ತು ಎಂಬ ಸಂಕಟ ನನಗೆ ಇನ್ನೂ ಇದೆ.

ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಗಾಳಿ ಮತ್ತು ಪೆಟ್ರೋಲ್ ಮಿಶ್ರಣ ಕ್ರ್ಯಾಂಕ್‌ಕೇಸ್ ಮೂಲಕವೇ ಸಿಲಿಂಡರ್‌ಗೆ ಹೋಗುತ್ತದೆ, ಪೆಟ್ರೋಲ್ ಎಳೆದುಕೊಡುವ ಕಾರ್ಬ್ಯುರೇಟರ್‌ನ ಡಯಾಫ್ರಾಮ್ (ತೆಳು ಪೊರೆಯ) ಪಂಪು ಕೆಲಸ ಮಾಡುವುದೂ ಅಲ್ಲಿನ ಒತ್ತಡದ ಏರಿಳಿತದಿಂದಲೇ. ಸೀಲ್ ಗಡುಸಾಗಿ ಸಂದು ಬಿಟ್ಟರೆ ಹೊರಗಿನ ಗಾಳಿ ಒಳಗೆ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಪಿಸ್ಟನ್‌ಗೆ ಜಿಡ್ಡು ಸಿಗುವುದು ಪೆಟ್ರೋಲಿಗೆ ಬೆರೆಸಿದ ಆಯಿಲ್‌ನಿಂದ ಮಾತ್ರವಾದ್ದರಿಂದ, ಪೆಟ್ರೋಲ್ ಕಡಿಮೆಯಾದಾಗ ಶಾಖ ಏರುವುದೂ ಆಯಿಲ್ ಇಳಿಯುವುದೂ ಒಟ್ಟಿಗೇ ನಡೆಯುತ್ತವೆ. ಸ್ಕ್ರೂ ತೆರೆದರೆ ಒಂದು ವೇಗದಲ್ಲಿ ಈ ಕೊರತೆ ಮರೆಯಾಗಬಹುದು, ಆದರೆ ಎಂಜಿನ್ ಬಿಸಿಯಾದಾಗ ಅಥವಾ ಭಾರ ಬಿದ್ದಾಗ ಸೋರಿಕೆಯ ಲೆಕ್ಕವೇ ಬೇರೆಯಾಗುತ್ತದೆ. ಸ್ಟಾರ್ಟಿಂಗ್ ಸ್ಪ್ರೇ ಇದಕ್ಕಿಂತಲೂ ಕೆಟ್ಟದ್ದು: ಅದು ತಾನು ಸಾಕಷ್ಟು ಜಿಡ್ಡು ಕೊಡುವುದಿಲ್ಲ, ಸಿಲಿಂಡರ್ ಗೋಡೆಯ ಮೇಲಿರುವ ಆಯಿಲ್‌ನ ಪದರವನ್ನೂ ತೊಳೆದುಹಾಕುತ್ತದೆ.

ಆದ್ದರಿಂದ ಯಂತ್ರವನ್ನು ಯಾರಿಗೇ ಕೊಟ್ಟರೂ, ಒತ್ತಡ ಮತ್ತು ನಿರ್ವಾತ ಎರಡೂ ಪರೀಕ್ಷೆ ಮಾಡುತ್ತೀರಾ ಎಂದು ಮೊದಲೇ ಕೇಳಿ. ಕೆಲವು ಸೀಲ್‌ಗಳು ಒಳಗಿನ ಒತ್ತಡಕ್ಕೆ ಬಿಗಿಯಾಗಿ ಕುಳಿತು, ನಿರ್ವಾತದಲ್ಲಿ ಮಾತ್ರ ಸೋರುವುದರಿಂದ ಒಂದೇ ಪರೀಕ್ಷೆ ಸಾಲದು. ಈ ಪರೀಕ್ಷೆಗಳೆಂದರೇನು ಎಂದು ರಿಪೇರಿಯವರೇ ತಿರುಗಿ ಕೇಳಿದರೆ ಯಂತ್ರವನ್ನು ಮನೆಗೆ ತನ್ನಿ. ಪೆಟ್ರೋಲ್ ಪೈಪು, ಟ್ಯಾಂಕ್‌ನ ಗಾಳಿರಂಧ್ರ, ಇಂಪಲ್ಸ್ ಪೈಪು (ಕ್ರ್ಯಾಂಕ್‌ಕೇಸ್‌ನ ಒತ್ತಡದ ಏರಿಳಿತವನ್ನು ಕಾರ್ಬ್ಯುರೇಟರ್‌ಗೆ ಮುಟ್ಟಿಸುವುದು), ಡಯಾಫ್ರಾಮ್ ಇವೆಲ್ಲವನ್ನೂ ಸ್ಕ್ರೂ ಮುಟ್ಟುವ ಮೊದಲೇ ನೋಡಬೇಕು. ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ಕಾಲದ ರಬ್ಬರನ್ನು ಬೇಗ ಕೆಡಿಸುತ್ತದೆ, ಹೊರಗೆ ಚೆನ್ನಾಗಿ ಕಾಣುವ ಪೈಪು ಮಡಚಿದಾಗಲಷ್ಟೇ ಬಿರುಕು ತೋರಿಸುತ್ತದೆ. ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆ ಮಾಡುವ ಟ್ಯೂನಿಂಗ್‌ನಲ್ಲೂ, ಭಾರವಿಲ್ಲದೆ ಪೂರ್ತಿ ವೇಗದಲ್ಲಿ ಓಡಿಸಿದಾಗ ಸದ್ದು ಸ್ವಲ್ಪ ಒಡೆದಂತೆ ಕೇಳಿಸಿ, ಮರಕ್ಕೆ ತಾಗಿದಾಗ ಸ್ವಚ್ಛವಾಗಬೇಕು. ಮೊದಲಿನಿಂದಲೇ ಚೂಪಾಗಿ ಕೂಗುವ, ಅಂದರೆ ಮಿಶ್ರಣ ತೆಳುವಾಗಿರಬಹುದಾದ ಹಳೆಯ ಯಂತ್ರವನ್ನು ಕಂಡು ಯಾರೂ ಸಂತೋಷಪಡಬಾರದು.

ನಿಮ್ಮ ಯಂತ್ರದ ಕಾರ್ಬ್ಯುರೇಟರ್ ಅನ್ನು ಈಗಾಗಲೇ ಹೀಗೆ ತಿರುಗಿಸಿ ಕೊಟ್ಟಿದ್ದರೆ, ಮತ್ತೊಮ್ಮೆ ಹಗ್ಗ ಎಳೆಯದೆ ಸೈಲೆನ್ಸರ್ ಬಿಚ್ಚಿ ಪಿಸ್ಟನ್ ನೋಡಿ. ಗೀರು ಕಂಡರೂ ಸಿಲಿಂಡರನ್ನು ಗುಜರಿಗೆ ಹಾಕಲು ಒಪ್ಪಬೇಡಿ: ಅನೇಕ ಸಲ ಅಲ್ಲಿ ಕಾಣುವುದು ಪಿಸ್ಟನ್‌ನಿಂದ ಅಂಟಿಕೊಂಡ ಅಲ್ಯೂಮಿನಿಯಂ ಅಷ್ಟೇ, ಒಳಗಿನ ಗಟ್ಟಿ ಲೇಪನ ಕಿತ್ತಿಲ್ಲದಿದ್ದರೆ ಬಲ್ಲವರು ಅದನ್ನು ತೆಗೆದು ಸಿಲಿಂಡರನ್ನು ಉಳಿಸಬಲ್ಲರು.