ಹೃದಯದ ಸಿಟಿ ಸ್ಕ್ಯಾನ್: ಎಲ್ಲರಿಗೂ ಒಂದೇ ಡೋಸಾ, ತೂಕದ ಪಟ್ಟಿಯಾ, ಆಟೋನಾ?

ಸಿಟಿ ಸ್ಕ್ಯಾನ್ ರೂಮಿಗೆ ಸೇರಿದ ಹೊಸದರಲ್ಲಿ ನನಗೆ ಹೇಳಿಕೊಟ್ಟದ್ದು ಒಂದೇ ಲೆಕ್ಕ. ಕೊರೊನರಿ ಆಂಜಿಯೋ (ಹೃದಯದ ರಕ್ತನಾಳಗಳ ಸ್ಕ್ಯಾನ್) ಅಂದ್ರೆ 120 ಕೆವಿ (ಕಿಲೋವೋಲ್ಟ್, ಎಕ್ಸ್‌ರೇಯ ಬಿರುಸು), ಹೃದಯ ಬಡಿತದ ಉದ್ದಕ್ಕೂ ಎಕ್ಸ್‌ರೇ ಬಿಡೋದು, ಚೆನ್ನಾಗಿ ಬಂದ ಚಿತ್ರ ಆಮೇಲೆ ಆರಿಸಿಕೊಳ್ಳೋದು. 48 ಕೆಜಿ ಅಜ್ಜಿಗೂ ಅದೇ, 95 ಕೆಜಿ ಕಂಟ್ರಾಕ್ಟರ್‌ಗೂ ಅದೇ. ಆಮೇಲೆ ತೂಕದ ಪಟ್ಟಿ ಬಳಸಿದೆ, ಈಗ ಮೆಷಿನ್ನೇ ಕೆವಿ ಆರಿಸುವ ಆಟೋ ಬಳಸುತ್ತಿದ್ದೇನೆ. ಮೂರರ ಜೊತೆಗೂ ಏಗಿದ್ದಾಯ್ತು.

ಹಳೇ ಪದ್ಧತಿಯ ಸುಖ ಏನಂದ್ರೆ ಚಿತ್ರ ಕೈಕೊಡಲ್ಲ. ಬಡಿತ 80 ಇರಲಿ, ನಡುವೆ ಒಂದು ತಪ್ಪಲಿ, ಎಲ್ಲೋ ಒಂದು ಹಂತದ ಚಿತ್ರ ಸಿಕ್ಕೇ ಸಿಗುತ್ತದೆ, ರೇಡಿಯಾಲಜಿಸ್ಟ್ ಫೋನ್ ಮಾಡಿ ಬಯ್ಯಲ್ಲ. ಬೆಲೆ ತೆರೋದು ಪೇಷಂಟ್. 2009ರಲ್ಲಿ ಪ್ರಕಟವಾದ, ಹೃದಯದ ಸಿಟಿ ಡೋಸ್ ಅಳೆದ ಪ್ರೊಟೆಕ್ಷನ್ ಸಮೀಕ್ಷೆಯಲ್ಲಿ 50 ಕೇಂದ್ರಗಳ ಮಧ್ಯಮ ಡಿಎಲ್‌ಪಿ (ಒಂದು ಸ್ಕ್ಯಾನಿನ ಒಟ್ಟು ಎಕ್ಸ್‌ರೇ ಡೋಸ್‌ನ ಅಳತೆ) 885 ಇತ್ತು, ಮೈಗೆ ತಗಲುವ ವಿಕಿರಣದ ಲೆಕ್ಕದಲ್ಲಿ ಸುಮಾರು 12 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶದಿಂದ ನಮಗೆ ವರ್ಷಕ್ಕೆ ಸಿಗೋದು ಸರಾಸರಿ 2.4 ಮಿಲಿಸೀವರ್ಟ್ ಅಷ್ಟೇ. ಸಪೂರ ಅಜ್ಜಿಗೆ ಅಷ್ಟು ಕೊಟ್ಟದ್ದಕ್ಕೆ ಯಾವ ಕಾರಣವೂ ಇರಲಿಲ್ಲ, ಅಭ್ಯಾಸ ಬಿಟ್ಟರೆ.

ತೂಕದ ಪಟ್ಟಿ ಸುಲಭ. 90 ಕೆಜಿ ಒಳಗಿದ್ದರೆ 100 ಕೆವಿ, ಮೇಲಿದ್ದರೆ 120. ಇಷ್ಟಕ್ಕೇ ಡೋಸ್ 30 ಶೇಕಡದಷ್ಟು ಇಳಿಯುತ್ತದೆ. ಜೊತೆಗೆ ಕೆವಿ ಇಳಿದಷ್ಟೂ ಕಾಂಟ್ರಾಸ್ಟ್‌ನ (ನಾಳ ಕಾಣಲಿ ಅಂತ ರಕ್ತಕ್ಕೆ ಚುಚ್ಚುವ ದ್ರವ) ಅಯೋಡಿನ್ ಇನ್ನೂ ಬೆಳ್ಳಗೆ ಕಾಣುತ್ತದೆ, ಹಾಗಾಗಿ ಚಿತ್ರ ಸ್ವಲ್ಪ ಮರಳು ಮರಳಾದರೂ ರಕ್ತನಾಳ ಎದ್ದು ಕಾಣುತ್ತದೆ. ಆದರೆ ತೂಕ ಮೈಯಲ್ಲಿ ಎಲ್ಲಿ ಕೂತಿದೆ ಅಂತ ತಕ್ಕಡಿಗೆ ಗೊತ್ತಾಗಲ್ಲ. ಒಂದೇ ದಿನ 88 ಕೆಜಿಯ ಇಬ್ಬರು ಬಂದಿದ್ದರು. ಒಬ್ಬರಿಗೆ ಹೊಟ್ಟೆ ಮಾತ್ರ, ಎದೆ ಕಿರಿದು. ಇನ್ನೊಬ್ಬರು ಹಳೇ ಕಬಡ್ಡಿ ಆಟಗಾರರು, ಎದೆ ಗೋಡೆ ಹಾಗೆ. ಪಟ್ಟಿ ಇಬ್ಬರಿಗೂ 100 ಅಂದಿತು, ಎರಡನೆಯವರ ಚಿತ್ರ ಕೆಟ್ಟಿತು. ಇನ್ನು ತೂಕ ಕೇಳಿದರೆ "ಹೋದ ದೀಪಾವಳಿಗೆ 60 ಇತ್ತು ಸಾರ್" ಅನ್ನುವವರೇ ಜಾಸ್ತಿ.

ಆಟೋ ಇಲ್ಲಿ ಗೆಲ್ಲುತ್ತದೆ. ಮೊದಲು ತೆಗೆಯುವ ಸ್ಕೌಟ್ ಚಿತ್ರದಲ್ಲಿ ಎದೆ ಎಕ್ಸ್‌ರೇಯನ್ನು ಎಷ್ಟು ತಡೆಯಿತು ಅಂತ ನೋಡಿ ಕೆವಿ, ಕರೆಂಟ್ ಎರಡನ್ನೂ ಆರಿಸುತ್ತದೆ. ಆದರೆ ಅದನ್ನು ಕಣ್ಮುಚ್ಚಿ ನಂಬೋ ಹಾಗಿಲ್ಲ. ಎಕ್ಸ್‌ರೇ ಟ್ಯೂಬ್ ಮೇಲಿದ್ದಾಗ ಪೇಷಂಟ್ ಮಲಗಿದ ಮೇಜು ನಾಲ್ಕು ಸೆಂಟಿಮೀಟರ್ ಎತ್ತರ ಆಯ್ತು ಅಂದ್ಕೊಳ್ಳಿ, ಎದೆ ಟ್ಯೂಬಿಗೆ ಹತ್ತಿರವಾಗಿ ಸ್ಕೌಟ್‌ನಲ್ಲಿ ದಪ್ಪ ಕಾಣುತ್ತದೆ, ಮೆಷಿನ್ ಅದನ್ನೇ ನಿಜ ಅಂತ ತಿಳಿದು ಸುಮ್ನೆ ಡೋಸ್ ಏರಿಸುತ್ತದೆ. ಭುಜ ನೋವು ಅಂತ ಕೈ ಕೆಳಗೇ ಇಟ್ಟುಕೊಂಡರೂ ಇದೇ ಕತೆ. (ನಾಳದ ಗೋಡೆಯಲ್ಲಿ ಕೂತ ಸುಣ್ಣ ಅಳೆಯುವ ಕ್ಯಾಲ್ಸಿಯಂ ಸ್ಕೋರ್‌ಗೆ ಮಾತ್ರ ನಾನು ಆಟೋ ಹಾಕಲ್ಲ. ಎಷ್ಟು ಬೆಳ್ಳಗಿದ್ದರೆ ಸುಣ್ಣ ಅಂತ ಎಣಿಸೋದು ಅನ್ನುವ ಅದರ 130ರ ಗೆರೆ 120 ಕೆವಿಗೆ ಅಂತ ಇಟ್ಟದ್ದು.)

ನಿಜ ಹೇಳಬೇಕಂದ್ರೆ ಕೆವಿ ಜಗಳಕ್ಕಿಂತ ದೊಡ್ಡ ಉಳಿತಾಯ ಬಡಿತದಲ್ಲಿದೆ. ಬಡಿತ ನಿಮಿಷಕ್ಕೆ 65ರ ಒಳಗೆ, ಒಂದೇ ಸಮ ಇದ್ದರೆ ಹೃದಯ ವಿಶ್ರಾಂತಿಯಲ್ಲಿರುವ ಆ ಒಂದು ಗಳಿಗೆಗೆ ಮಾತ್ರ ಎಕ್ಸ್‌ರೇ ಬಿಟ್ಟರೆ ಸಾಕು. 80 ದಾಟಿದರೆ ಆ ಕಿಟಕಿ ಅಗಲ ಮಾಡಬೇಕು, ಅಗಲ ಆದಷ್ಟೂ ಡೋಸ್. ಅದಕ್ಕೇ ಒಂದು ಗಂಟೆ ಮೊದಲು ಬಡಿತ ಇಳಿಸುವ ಮೆಟೊಪ್ರೊಲಾಲ್ ಮಾತ್ರೆ ಕೊಡೋದು. ಆಸ್ತಮಾ ಇದ್ದರೆ ಡಾಕ್ಟರನ್ನು ಕೇಳದೆ ಅದೂ ಇಲ್ಲ. ಹಿಂದೆ ನಾನಿದ್ದ ಒಂದು ಕಡೆ, ಸಾಲು ಉದ್ದ ಆಯ್ತು ಅಂತ ಆ ಒಂದು ಗಂಟೆಯನ್ನೇ ಕತ್ತರಿಸುತ್ತಿದ್ದರು, ಆಮೇಲೆ ಹಳೇ ಪದ್ಧತಿಗೇ ಹೋಗುತ್ತಿದ್ದರು. ಈಗ ನಾನು ಪೇಷಂಟ್ ಹತ್ತಿರ ಮೂರು ಸಲ ಉಸಿರು ಹಿಡಿಸಿ ನೋಡುತ್ತೇನೆ, ಮೂರನೇ ಸಲಕ್ಕೆ ಹೆದರಿಕೆ ಇಳಿದು ಬಡಿತವೂ ನಾಲ್ಕೈದು ಇಳಿದಿರುತ್ತದೆ.

2017ರಲ್ಲಿ ಅದೇ ಪ್ರೊಟೆಕ್ಷನ್ ತಂಡ ಮತ್ತೆ ಅಳೆದಾಗ ಮಧ್ಯಮ ಡಿಎಲ್‌ಪಿ 195ಕ್ಕೆ ಬಂದಿತ್ತು. ಇದು ಒಂದು ಗುಂಡಿ ಒತ್ತಿ ಆದದ್ದಲ್ಲ, ಕೆವಿ, ಬಡಿತ, ಹೊಸ ಸಾಫ್ಟ್‌ವೇರ್ ಎಲ್ಲ ಸೇರಿ ಆದದ್ದು.

ನನ್ನ ಓಟು ಆಟೋಗೆ, ಮಾತ್ರೆ ಕೊಟ್ಟ ಮೇಲೆ. ತೂಕದ ಪಟ್ಟಿಯನ್ನೂ ಗೋಡೆಯಿಂದ ಕಿತ್ತಿಲ್ಲ. ಪಟ್ಟಿ ಹೇಳಿದ ಕೆವಿ ಒಂದು, ಆಟೋ ಹೇಳಿದ್ದು ಇನ್ನೊಂದು ಆದರೆ, ಎದ್ದು ಹೋಗಿ ಮೊದಲು ಮೇಜಿನ ಎತ್ತರ ನೋಡುತ್ತೇನೆ.