ಕಮೊಡೋರ್ 64ಕ್ಕೆ ಟಿಐ-83 ಪ್ಲಸ್ ಸಿಕ್ಕಿಸಿ ಒಂದು ಮಳೆಗಾಲ

ಕ್ಯಾಲ್ಕುಲೇಟರಿನಲ್ಲಿ (ಟಿಐ-83 ಪ್ಲಸ್) ಬರೆದಿಟ್ಟ ಮಳೆಯ ಲೆಕ್ಕವನ್ನು ವಯರಿನಲ್ಲಿ ಹಳೇ ಮನೆ ಕಂಪ್ಯೂಟರಿಗೆ (ಕಮೊಡೋರ್ 64) ದಾಟಿಸಿ ಗ್ರಾಫ್ ಬಿಡಿಸಿದ ಕಥೆ ಇದು. ಮೊದಲೇ ಹೇಳಿಬಿಡುತ್ತೇನೆ. ಇಡೀ ಮಳೆಗಾಲ ನನ್ನ ತಲೆ ತಿಂದದ್ದು ಕಂಪ್ಯೂಟರೂ ಅಲ್ಲ, ಕ್ಯಾಲ್ಕುಲೇಟರೂ ಅಲ್ಲ, ನಡುವಿನ 2.5 ಮಿಲಿಮೀಟರಿನ ಪಿನ್ನು.

ಕಮೊಡೋರ್ ಚಿಕ್ಕಪ್ಪ ಕುವೈತಿನಿಂದ ತಂದದ್ದು, ಕ್ಯಾಲ್ಕುಲೇಟರ್ ಅಮೆರಿಕದಲ್ಲಿ ಓದಿ ಬಂದ ಅಕ್ಕನ ಮಗಳು ಬಿಟ್ಟುಹೋದದ್ದು. ದುಡ್ಡು ಬಿಚ್ಚಿದ್ದು ಹೊಸ ಪವರ್ ಸಪ್ಲೈಗೆ (ಹಳೆಯದನ್ನು ನಂಬಬೇಡಿ, 5 ವೋಲ್ಟಿನ ಲೈನು ಏರಿದರೆ ಚಿಪ್ಪುಗಳೇ ಸುಟ್ಟುಹೋಗುತ್ತವೆ) ಮತ್ತು ಈ ಪಿನ್ನಿಗೆ. ಮಂಗಳೂರಿನ ಹಂಪನಕಟ್ಟೆಯಲ್ಲಿ ಮೂರು ಅಂಗಡಿ ಹತ್ತಿಳಿದೆ. "ಅದನ್ನೆಲ್ಲ ಈಗ ಯಾರು ಕೇಳ್ತಾರೆ ಮಾರಾಯ್ರೆ" ಎನ್ನುತ್ತಲೇ ಒಬ್ಬರು ಡಬ್ಬಿ ತಡಕಿ ಹಳೇ ಮೊಬೈಲ್ ಹೆಡ್‌ಸೆಟ್ ಕೊಟ್ಟರು. 40 ರೂಪಾಯಿ. ವಯರ್ ಕತ್ತರಿಸಿಕೊಂಡೆ.

ಮೂರೇ ತಂತಿ: ಎರಡು ಡೇಟಾ, ಒಂದು ಗ್ರೌಂಡ್. ಕಮೊಡೋರಿನ ಹಿಂಬದಿಯ ಯೂಸರ್ ಪೋರ್ಟಿಗೆ (ಹೊರಗಿನ ಸಾಧನ ಸಿಕ್ಕಿಸುವ ಜಾಗ) ಬೆಸುಗೆ. ಕಳಿಸುವವರು ಒಂದು ಲೈನು ಕೆಳಗೆಳೆದರೆ (ಅಂದರೆ ಅದರ ವೋಲ್ಟೇಜ್ ಇಳಿಸಿದರೆ) ಸೊನ್ನೆ, ಇನ್ನೊಂದು ಎಳೆದರೆ ಒಂದು. ಪಡೆಯುವ ಕಡೆಯವರು ಉಳಿದ ಲೈನು ಎಳೆದು "ಸಿಕ್ಕಿತು" ಅನ್ನಬೇಕು. ಆಮೇಲೆಯೇ ಮುಂದಿನ ಬಿಟ್. ಹಾಗಾಗಿ ಕಮೊಡೋರಿನ ಪ್ರೋಗ್ರಾಂ ಭಾಷೆ ಬೇಸಿಕ್ ಎಷ್ಟು ನಿಧಾನವಾದರೂ ನಡೆಯುತ್ತದೆ. ಗುಟ್ಟೊಂದೇ: ಪೋರ್ಟಿನ ಬೆಲೆ ಇಡುವ ವಿಳಾಸ 56577ಕ್ಕೆ ಸೊನ್ನೆ ಪೋಕ್ ಮಾಡಿಟ್ಟು (ಬರೆದಿಟ್ಟು), ಎಳೆಯುವುದು ಬಿಡುವುದೆಲ್ಲ ಲೈನಿನ ದಿಕ್ಕು ಹೇಳುವ ವಿಳಾಸ 56579ರಲ್ಲಿ ಮಾಡಬೇಕು. ಇದು ಹೊಳೆಯಲು ನನಗೆ ಎರಡು ವಾರ ಹಿಡಿಯಿತು.

ಬೆಳಿಗ್ಗೆ ಎಂಟೂವರೆಗೆ ಅಂಗಳದ ಮಳೆಮಾಪಕ ನೋಡಿ, ಕೈ ಒರೆಸಿಕೊಂಡು ಕ್ಯಾಲ್ಕುಲೇಟರಿನ ಎಲ್1 ಪಟ್ಟಿಗೆ ಅಂದಿನ ಲೆಕ್ಕ ಹೊಡೆಯುತ್ತೇನೆ. ಭಾನುವಾರ ಸಂಜೆ ಕ್ಯಾಸೆಟ್ಟಿನಿಂದ ಪ್ರೋಗ್ರಾಂ ಏರಿಸಿ, ಪಿನ್ನು ಚುಚ್ಚಿ, ಸೆಂಡ್. ಒಂದೊಂದು ಸಂಖ್ಯೆಗೂ 9 ಬೈಟ್. ತಿಂಗಳ ಪಟ್ಟಿ ದಾಟಲು ನಿಮಿಷಕ್ಕೂ ಹೆಚ್ಚು. ಅಷ್ಟರಲ್ಲಿ ಒಂದು ಬಾಣಲೆ ಗೋಳಿಬಜೆ ಬೇಯುತ್ತದೆ. ಆಮೇಲೆ ನೀಲಿ ಟೀವಿಯ 40 ಕಾಲಮ್ಮಿನಲ್ಲಿ ದಿನಕ್ಕೊಂದು ಕಂಬ, ಎಡದಿಂದ ಬಲಕ್ಕೆ, ಒಂದೊಂದಾಗಿ ಏಳುತ್ತದೆ. "ಫೋನಲ್ಲಿ ಬರೆದಿಟ್ಟರೆ ಆಗುದಿಲ್ವಾ?" ಅಂತ ಇವಳು ಕೇಳುತ್ತಾಳೆ. ಆಗ್ತದೆ. ಆದರೂ ಕಂಬ ಏಳುವಾಗ ಅವಳೂ ಬಾಣಲೆ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಾಳೆ.

ಇನ್ನು ಪಿನ್ನಿನ ಕಥೆ. ಹೋಗಿ ಕೂತ ಹಾಗೆ ಕಾಣುತ್ತದೆ, ಕೂತಿರುವುದಿಲ್ಲ. ಹನ್ನೆರಡನೇ ಸಂಖ್ಯೆಗೆ ನಿಂತಿತು, ಇನ್ನೊಮ್ಮೆ ಮೂರನೆಯದಕ್ಕೆ. ಪ್ರೋಗ್ರಾಮಿನದೇ ತಪ್ಪೆಂದು ಮೂರು ಸಲ ತಿದ್ದಿ ಬರೆದೆ. ನಮ್ಮದು ಮಲ್ಪೆ, ಉಪ್ಪುಗಾಳಿ. ಪೋರ್ಟಿನ ಅಂಚಿಗೆ ಕಿಲುಬು ಬಂದಿರಬೇಕೆಂದು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿದೆ. ಕಿಲುಬಂತೂ ಇತ್ತು, ರೋಗ ಅದಲ್ಲ. ಕೊನೆಗೆ ಟಾರ್ಚ್ ಹಿಡಿದು ನೋಡಿದರೆ, ಪಿನ್ನಿನ ಪ್ಲಾಸ್ಟಿಕ್ ಕುತ್ತಿಗೆ ಕ್ಯಾಲ್ಕುಲೇಟರಿನ ಅಂಚಿಗೆ ತಾಗಿ ಕೂದಲೆಳೆಯಷ್ಟು ಹೊರಗೇ ನಿಲ್ಲುತ್ತಿತ್ತು! ಬ್ಲೇಡಿನಿಂದ ಹೆರೆದು ಒತ್ತಿದೆ. ಟಕ್. ಆ ಸದ್ದು ಕೇಳದಿದ್ದರೆ ಸೆಂಡ್ ಒತ್ತಲೇಬೇಡಿ.

ಜುಲೈಯಲ್ಲಿ ಅರ್ಧ ಗ್ರಾಫಿಗೆ ಕರೆಂಟು ಹೋಯಿತು. ಕಮೊಡೋರ್ ಎಲ್ಲ ಮರೆತು ಕೂತಿತು. ಮೇಣದ ಬತ್ತಿಯ ಬೆಳಕಲ್ಲಿ ಕ್ಯಾಲ್ಕುಲೇಟರ್ ತೆರೆದೆ. ನಾಲ್ಕು ಸಪೂರ ಸೆಲ್ಲಿನ ಬಲದಲ್ಲಿ 26 ದಿನದ ಮಳೆ ಹಾಗೇ ಇತ್ತು. ಅಂದಿನಿಂದ ಕ್ಯಾಸೆಟ್ಟಿನಲ್ಲಿ ಪ್ರೋಗ್ರಾಂ ಮಾತ್ರ, ಲೆಕ್ಕವೆಲ್ಲ ಕ್ಯಾಲ್ಕುಲೇಟರಿನಲ್ಲೇ.